ಮೇ ತಿಂಗಳ ಬುತ್ತಿ: ಖಡಕ್ ರೊಟ್ಟಿ, ಪುಳಿಯೋಗರೆ, ಮೊಸರನ್ನ

ರಾಯಚೂರಿನಿಂದ ಬೆಳಗ್ಗೆ ಆರಕ್ಕೆ ಹೊರಟು ಆನೆಗೊಂದಿ ನೋಡಿ ಬರ್ತೀವಿ, ಬುತ್ತಿಗೆ ಏನು ಕಟ್ಟಲಿ ಅಂತ ಕೇಳಿದ್ದೀರಿ. ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ನಿಂತ ಕಾರಿನೊಳಗೆ ಇನ್ನೂ ಜಾಸ್ತಿ. 32 ಡಿಗ್ರಿ ದಾಟಿದ ಮೇಲೆ ಬೇಗ ಕೆಡುವ ಅಡುಗೆಯನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು.

ಬಾಳಿಕೆಯಲ್ಲಿ ಖಡಕ್ ರೊಟ್ಟಿಯೇ ಮುಂದು. ಅದರಲ್ಲಿ ನೀರಿನಂಶ ತೀರಾ ಕಡಿಮೆ, ಬಟ್ಟೆಯಲ್ಲಿ ಸುತ್ತಿಟ್ಟರೆ ದಿನಗಟ್ಟಲೆ ಇರುತ್ತದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಸಾಕು. ಎಣ್ಣೆಗಾಯಿ ಮಾತ್ರ ಬೇಡ. ಆದರೆ ಹಲ್ಲಿಲ್ಲದ ಅಜ್ಜಿ ಜೊತೆಗಿದ್ದರೆ?

ಪುಳಿಯೋಗರೆ ತಿನ್ನಲು ಸುಲಭ. ಹುಣಸೆಯ ಹುಳಿ ಸ್ವಲ್ಪ ಕಾಯುತ್ತದೆ, ಪೂರ್ತಿ ನಂಬಬೇಡಿ. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾದ ಬೀಜಾಣು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟೂ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಅದು ಹೋಗಲ್ಲ. ಹಾಗಾಗಿ ರಾತ್ರಿ ಮಾಡಿ ಹೊರಗಿಡಬೇಡಿ. ಬೆಳಗ್ಗೆ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಗೊಜ್ಜು ಕಲಸಿ. ತಿಂಡಿಗೆ ದಾರಿಯಲ್ಲೇ ಮುಗಿಸುವುದಾದರೆ ಇದು ಒಳ್ಳೇದು, ಮಧ್ಯಾಹ್ನಕ್ಕಾದರೆ ಐಸ್ ಬೇಕು.

ಮೊಸರನ್ನ ಹೊಟ್ಟೆಗೆ ತಂಪು, ಮಕ್ಕಳಿಗೂ ಇಷ್ಟ. ಐಸ್ ಬಾಕ್ಸ್ ಇದ್ದರೆ ಮಾತ್ರ ಕಟ್ಟಿ. ಒಮ್ಮೆ ನಾನು ಹಾಲು ಬೆರೆಸಿ ಸುಮ್ನೆ ಸೀಟಿನ ಕೆಳಗಿಟ್ಟಿದ್ದೆ. ಸಿಂಧನೂರಿನಲ್ಲಿ ಮುಚ್ಚಳ ತೆಗೆದರೆ ಮೇಲೆಲ್ಲ ಗುಳ್ಳೆ, ಹುಳಿ ವಾಸನೆ! ಹಿಂದಿನ ರಾತ್ರಿಯೇ ನೀರಿನ ಬಾಟಲಿ ಫ್ರೀಜರಿನಲ್ಲಿಟ್ಟು, ಡಬ್ಬಿಯ ಎರಡೂ ಬದಿಗೆ ಜೋಡಿಸಿ. ಕರಗಿದ ಮೇಲೆ ಕುಡಿಯಲೂ ಆಯಿತು.

ಖರ್ಚಿನಲ್ಲಿ ಮೂರಕ್ಕೂ ದೊಡ್ಡ ವ್ಯತ್ಯಾಸವಿಲ್ಲ, ಐಸ್ ಬಾಕ್ಸ್ ಕೊಳ್ಳಬೇಕಾದರೆ ಮಾತ್ರ ಬೇರೆ ಮಾತು. ಅಜ್ಜಿ, ಮಕ್ಕಳು ಬರ್ತಿದ್ದರೆ ಪಕ್ಕದ ಮನೆಯವರ ಹತ್ತಿರ ಐಸ್ ಬಾಕ್ಸ್ ಕೇಳಿ ನೋಡಿ. ದೊಡ್ಡವರೇ ಹೋಗೋದಾದರೆ ರೊಟ್ಟಿ ಗಂಟು ಕಟ್ಟಿಬಿಡಿ.