ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಅದರ ಆಯಿಲ್ ನೋಡಿಸಿ

ಆಟೋಮ್ಯಾಟಿಕ್ ಕಾರು ಇರುವವರು ದಯವಿಟ್ಟು ಓದಿ. "ಗೇರ್‌ಬಾಕ್ಸ್ ಹೋಗಿದೆ ಸಾರ್, ಇಳಿಸಲೇಬೇಕು" ಎಂದು ಯಾರಾದರೂ ಹೇಳಿದರೆ ತಕ್ಷಣ ಹೂಂ ಅನ್ನಬೇಡಿ.

ನಮ್ಮದು ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಹಳೇ ಸೆಡಾನ್. ಬೆಳಿಗ್ಗೆ ಲಿವರನ್ನು 'ಡಿ'ಗೆ (ಮುಂದೆ ಓಡಿಸುವ ಸ್ಥಾನಕ್ಕೆ) ಹಾಕಿದರೆ ಸ್ವಲ್ಪ ಹೊತ್ತು ಸುಮ್ನೆ ನಿಂತು, ಆಮೇಲೆ ದಡಕ್ಕಂತ ಮುಂದೆ ಹೋಗುತ್ತಿತ್ತು. ಏರಿನಲ್ಲಿ ಇಂಜಿನ್ ಕೂಗುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. ಬೆಂಗಳೂರಿನ ಒಂದು ಗ್ಯಾರೇಜಿನವರು ಒಂದು ರೌಂಡ್ ಓಡಿಸಿ, ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಕೂಡ ಹಾಕದೆ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿದರು. ಬಿಲ್ಲು ಲಕ್ಷ ದಾಟಿತು. ಹೊಸ ಆಯಿಲ್ ತುಂಬಿದ್ದರಿಂದ ಕೆಲವು ವಾರ ಚೆನ್ನಾಗಿತ್ತು. ಮತ್ತೆ ಅದೇ ಕಥೆ.

ಇನ್ನೊಬ್ಬ ಮೆಕ್ಯಾನಿಕ್ ಕಾರನ್ನು ಲಿಫ್ಟಿನ ಮೇಲೆ ಸಮವಾಗಿ ಎತ್ತಿದರು. ಇಂಜಿನ್ ಚಾಲೂ ಇಟ್ಟು, ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಹಾಕಿ, ಸ್ಕ್ಯಾನರಿನಲ್ಲಿ ಆಯಿಲ್ ಬಿಸಿ ನೋಡುತ್ತಾ ಗೇರ್‌ಬಾಕ್ಸಿನ ಚೆಕ್ ಪ್ಲಗ್ (ಆಯಿಲ್ ಮಟ್ಟ ನೋಡುವ ತೂತಿನ ಬಿರಡೆ) ತೆಗೆದರು. ಮಟ್ಟ ಸರಿಯಿದ್ದರೆ ಅಲ್ಲಿಂದ ಸಣ್ಣ ಎಳೆಯಾಗಿ ಆಯಿಲ್ ಇಳಿಯಬೇಕು. ಒಂದು ಹನಿಯೂ ಬರಲಿಲ್ಲ! ಟಾರ್ಚ್ ಹಿಡಿದರೆ ಗೇರ್‌ಬಾಕ್ಸ್ ಆಯಿಲ್ ತಣಿಸುವ ಕೂಲರಿನ ಪೈಪಿನ ಕ್ಲ್ಯಾಂಪ್ ಸುತ್ತ ಧೂಳು ಒದ್ದೆಯಾಗಿ ಮೆತ್ತಿಕೊಂಡಿತ್ತು. ಇದ್ದದ್ದು ಇಷ್ಟೇ ಲೀಕು. ಪೈಪು, ಕ್ಲ್ಯಾಂಪ್ ಬದಲಾಯಿಸಿ ಆಯಿಲ್ ತುಂಬಿದ ಮೇಲೆ ಜರ್ಕ್ ಹೋಯಿತು. ಲಕ್ಷ ಸುರಿದದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಮೊದಲು ಗೇರ್‌ಬಾಕ್ಸ್ ಆಯಿಲ್ ಮಟ್ಟವನ್ನು ನಿಮ್ಮ ಕಣ್ಣೆದುರೇ ನೋಡಿಸಿ. ಕೆಲವು ಕಾರುಗಳಲ್ಲಿ ಅದಕ್ಕೆ ಡಿಪ್‌ಸ್ಟಿಕ್ (ಮಟ್ಟ ನೋಡುವ ಕಡ್ಡಿ) ಇರುತ್ತದೆ. ಇಂಜಿನ್ ಚಾಲೂ ಇರಬೇಕೋ ಆಫ್ ಆಗಿರಬೇಕೋ ಎನ್ನುವುದು ಕಾರಿನಿಂದ ಕಾರಿಗೆ ಬೇರೆ, ಮ್ಯಾನ್ಯುಯಲ್ ನೋಡಿ. ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ. ಹಾಲು ಬೆರೆಸಿದ ಹಾಗೆ ಕಂಡರೆ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಅಥವಾ ನೀರು ಸೇರಿರುತ್ತದೆ, ಗಾಡಿ ಓಡಿಸಲೇಬೇಡಿ.

ಬ್ಯಾಟರಿಯನ್ನೂ ಪರೀಕ್ಷೆ ಮಾಡಿಸಿ. ಇಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ಇರಬೇಕು. ಇಳಿದರೆ ಕಾರಿನ ಕಂಪ್ಯೂಟರ್ ಸುಳ್ಳು ಕೋಡ್ (ದೋಷ ಸೂಚಿಸುವ ಸಂಖ್ಯೆ) ತೋರಿಸಬಹುದು. ಕೋಡ್‌ಗಳನ್ನು ಅಳಿಸುವ ಮೊದಲು ಫೋಟೋ ತೆಗೆದುಕೊಳ್ಳಿ. ಇಂಜಿನ್ ಮೌಂಟ್ (ಇಂಜಿನ್ ಹಿಡಿದಿಡುವ ರಬ್ಬರ್ ಆಧಾರ) ಹರಿದಿದ್ದರೂ 'ಡಿ'ಗೆ ಹಾಕಿದಾಗ ದಡ್ ಎನ್ನುತ್ತದೆ, ಅದನ್ನೂ ನೋಡಿಸಿ.

ಸಿವಿಟಿ (ಗೇರುಗಳ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಇದ್ದರೆ ಅದರದ್ದೇ ಆಯಿಲ್ ಹಾಕಿಸಿ, ಬೇರೆ ಹಾಕಿದರೆ ಬೆಲ್ಟ್ ಹಾಳಾಗಬಹುದು. ಗೇರ್ ಜಾರುತ್ತಿದ್ದರೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ನಾಲ್ಕೂ ಚಕ್ರ ಮೇಲಿರುವ ಫ್ಲ್ಯಾಟ್‌ಬೆಡ್ ಕರೆಸಿ.