ಹೆಗ್ಗಣಕ್ಕೆ ವಿಷದ ಕೇಕ್ ಇಡುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮದು ದಾವಣಗೆರೆ, ನಿಟುವಳ್ಳಿ ಕಡೆ. ಹಿತ್ತಲಲ್ಲಿ 15 ಅಡಿ ಅಗಲ, 20 ಅಡಿ ಉದ್ದದ ಜಾಗ ಇದೆ. ಬದನೆ, ಟೊಮೇಟೊ, ಮೂಲಂಗಿ, ಒಂದು ಸಾಲು ಗೆಣಸು, ಕಾಂಪೌಂಡ್ ಮೇಲೆ ಹೀರೆ ಬಳ್ಳಿ. ಅಳಿಲು ಟೊಮೇಟೊ ಕಚ್ಚಿ ಹೋದರೆ ಹೋಗಲಿ ಅಂತ ಬಿಡುತ್ತಿದ್ದೆವು. ಚಿತ್ರದುರ್ಗದ ಕೋಟೆ ಹತ್ತಿರ ಇರುವ ನಮ್ಮ ಅತ್ತಿಗೆ ಮನೆಯಲ್ಲಿ ಕೋತಿಗಳು ಕುಂಡವನ್ನೇ ಎತ್ತಿ ಒಗೆಯುತ್ತವೆ. ಅವರಿಗಿಂತ ನಾವೇ ವಾಸಿ ಅಲ್ವಾ ಅಂದುಕೊಂಡಿದ್ದೆ.

ಆಮೇಲೆ ಹೆಗ್ಗಣ ಬಂತು.

ಮೊದಲು ಗೆಣಸು ಹೋಯಿತು. ಮೇಲೆ ಬಳ್ಳಿ ಹಸಿರಾಗಿಯೇ ಇದೆ, ಅಗೆದರೆ ಕೆಳಗೆ ಬರೀ ಸಿಪ್ಪೆ. ನಂತರ ಬದನೆ ಗಿಡಗಳು ಒಂದೊಂದೇ ವಾಲಿದವು. ಬುಡದಲ್ಲಿ ಬಿಲ ಕೊರೆದು, ಬುಟ್ಟಿಗಟ್ಟಲೆ ಮಣ್ಣು ಹೊರಗೆ ಹಾಕಿತ್ತು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಅಂಗಡಿಗೆ ಹೋದೆ.

ಅಂಗಡಿಯವನು ಇಲಿ ಪಾಷಾಣದ ಕೇಕ್ ಕೊಟ್ಟ. ಬ್ರೋಮಾಡಿಯೋಲೋನ್, 0.005% ಅಂತ ಪೊಟ್ಟಣದ ಮೇಲೆ ಇತ್ತು. "ನಾಯಿ ಐತಿ ಮನೇಲಿ" ಅಂದೆ. "ಏನೂ ಆಗಲ್ಲ ತಗೊಳ್ರಿ, ಇದು ನಿಧಾನದ್ದು" ಅಂದ. ನಿಧಾನ ಅಂದರೆ ಸೌಮ್ಯ ಅಂತ ನಾನು ಅರ್ಥ ಮಾಡಿಕೊಂಡೆ. ಅಲ್ಲೇ ತಪ್ಪಿದ್ದು.

ಆದರೂ ಜಾಗ್ರತೆಯಿಂದಲೇ ಇಟ್ಟೆ. ನಮ್ಮ ಕರಿಯನ ಮೂತಿ ಹೋಗಬಾರದು ಅಂತ ಸಪೂರ ಪಿವಿಸಿ ಪೈಪ್ ತುಂಡುಗಳ ಒಳಗೆ ತಳ್ಳಿದೆ. ಒಟ್ಟು 10 ತುಂಡು. ಎರಡು ರಾತ್ರಿ ಒಂದನ್ನೂ ಮುಟ್ಟಲಿಲ್ಲ, ಹೊಸ ವಸ್ತು ಕಂಡರೆ ಅವಕ್ಕೆ ಅನುಮಾನ. ಮೂರನೇ ಬೆಳಿಗ್ಗೆ ಪೈಪುಗಳು ಹೆಚ್ಚುಕಡಿಮೆ ಖಾಲಿ. ತಿಂದು ಮುಗಿಸಿವೆ ಅಂತ ಖುಷಿಪಟ್ಟೆ.

ತಿಂದಿರಲಿಲ್ಲ. ಹೆಗ್ಗಣ ಸಿಕ್ಕಿದ್ದನ್ನು ಅಲ್ಲೇ ಕೂತು ತಿನ್ನುವ ಪ್ರಾಣಿಯಲ್ಲ, ಬಿಲಕ್ಕೆ ಎಳೆದುಕೊಂಡು ಹೋಗಿ ಕೂಡಿಡುತ್ತದೆ. ಮಣ್ಣು ಹೊರಗೆ ಎಳೆಯುವಾಗ ಅದರ ಜೊತೆ ಕೇಕೂ ಹೊರಗೆ ಬರುತ್ತದೆ. ನಮ್ಮ ಕರಿಯನಿಗೆ ಬಿಲ ಕಂಡರೆ ಕೆರೆಯದೆ ಇರಲು ಆಗಲ್ಲ. ಈ ಕೇಕನ್ನು ಮಾಡುವುದೇ ಕಾಳಿನ ಹಿಟ್ಟಿನಲ್ಲಿ. ನಾಯಿಗೆ ಅದು ಬಿಸ್ಕತ್ತೇ.

ಅವನು ಯಾವತ್ತು ತಿಂದ ಅಂತ ನಮಗೆ ಗೊತ್ತಿಲ್ಲ. ನಾಲ್ಕೈದು ದಿನ ಎಂದಿನಂತೆ ಓಡಾಡಿಕೊಂಡಿದ್ದ. ಆಮೇಲೆ ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಲಿಲ್ಲ. ಕೆಮ್ಮು. ಬಿಸಿಲಿಗೆ ಅಂತ ಸುಮ್ನೆ ಮಜ್ಜಿಗೆ ಕೊಟ್ಟೆ. ಸಂಜೆ ಮೂಗಿನಿಂದ ರಕ್ತ ಬಂತು. ಬಾಯಿ ತೆರೆದು ನೋಡಿದರೆ ವಸಡು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, "ಇಲಿ ಪಾಷಾಣ ಇಟ್ಟಿದ್ರಾ?" ಪುಣ್ಯಕ್ಕೆ ಪೊಟ್ಟಣ ಕಸಕ್ಕೆ ಹಾಕಿರಲಿಲ್ಲ. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ಈ ವಿಷ ಅದನ್ನು ದೇಹ ಮತ್ತೆ ಮತ್ತೆ ಬಳಸದ ಹಾಗೆ ತಡೆಯುತ್ತದೆ. ದೇಹದಲ್ಲಿ ಮೊದಲೇ ಇದ್ದದ್ದು ಮುಗಿಯುವವರೆಗೆ ಹೊರಗೆ ಏನೂ ಕಾಣಲ್ಲ. ಮುಗಿದ ಮೇಲೆ ಒಳಗೊಳಗೇ ರಕ್ತ ಸೋರಲು ಶುರು. ಕರಿಯನ ಎದೆಯೊಳಗೆ ಸೋರುತ್ತಿತ್ತು, ನಾನು ಬಿಸಿಲು ಅಂದುಕೊಂಡಿದ್ದೆ.

ವಿಟಮಿನ್ ಕೆ1 ಚುಚ್ಚಿದರು, ಆಮೇಲೆ ನಾಲ್ಕು ವಾರ ಮಾತ್ರೆ. ಒಂದು ವಾರಕ್ಕೆ ಚುರುಕಾದ ಅಂತ ನಿಲ್ಲಿಸಬೇಡಿ, ವಿಷ ವಾರಗಟ್ಟಲೆ ಲಿವರ್‌ನಲ್ಲಿ ಕೂತಿರುತ್ತದೆ ಅಂತ ಡಾಕ್ಟರ್ ಎರಡು ಸಲ ಹೇಳಿದರು. ಇನ್ನೊಂದು ಮಾತು: ಮೆಡಿಕಲ್ ಶಾಪಿನಲ್ಲಿ ಕೆ1 ಇಲ್ಲ, ಕೆ3 ಇದೆ ಅಂದರೆ ತಗೋಬೇಡಿ. ಈ ವಿಷಕ್ಕೆ ಕೆ3 ಕೆಲಸ ಮಾಡಲ್ಲ. ನಾಯಿ ತಿನ್ನುವುದನ್ನು ಕಣ್ಣಾರೆ ನೋಡಿದರಂತೂ ಲಕ್ಷಣಕ್ಕೆ ಕಾಯಲೇಬೇಡಿ. ಮೊದಲ ಒಂದೆರಡು ಗಂಟೆಯಲ್ಲಿ ಹೋದರೆ ವಾಂತಿ ಮಾಡಿಸಿಯೇ ಮುಗಿಸಬಹುದಿತ್ತಂತೆ.

ವಿಷ ತಿಂದ ಹೆಗ್ಗಣವೂ ತಕ್ಷಣ ಸಾಯುವುದಿಲ್ಲ. ಮೂರು ನಾಲ್ಕು ದಿನ ಮಂಕಾಗಿ ಓಡಾಡುತ್ತದೆ. ಬೆಕ್ಕಿಗೆ, ಗೂಬೆಗೆ ಅದಕ್ಕಿಂತ ಸುಲಭದ ಬೇಟೆ ಇನ್ನೇನು? ಪಕ್ಕದ ಮನೆಗೆ ಹೋಗಿ "ನಿಮ್ಮ ಬೆಕ್ಕನ್ನು ಸ್ವಲ್ಪ ದಿನ ಒಳಗೆ ಇಟ್ಟುಕೊಳ್ಳಿ" ಅಂತ ಹೇಳುವಾಗ ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ಕೇಕ್ ಬೇಡ, ಕಪ್ಪು ಪುಡಿ ಇಡಿ ಅನ್ನುವವರೂ ಸಿಗುತ್ತಾರೆ. ಅದು ಝಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಗುಲಿದರೆ ಫಾಸ್ಫೀನ್ ಅನ್ನುವ ವಿಷದ ಗಾಳಿ ಆಗುತ್ತದೆ. ಅದಕ್ಕೆ ಮದ್ದೇ ಇಲ್ಲ. ಮಕ್ಕಳಿರುವ ಮನೆಗೆ ಅದನ್ನು ತರಲೇಬೇಡಿ.

ಇಷ್ಟಕ್ಕೂ ಹೆಗ್ಗಣವನ್ನು ಕರೆದದ್ದು ನಾನೇ. ಗೊಬ್ಬರ ಆಗಲಿ ಅಂತ ಅಡುಗೆಮನೆ ಕಸವನ್ನು ಪಾತಿಯಲ್ಲೇ ಹೂಳುತ್ತಿದ್ದೆ. ಮಿಕ್ಕ ಅನ್ನ, ಮೆತ್ತಗಾದ ಮಂಡಕ್ಕಿ ಎಲ್ಲ ಅಲ್ಲಿಗೇ. ನಮ್ಮೂರಲ್ಲಿ ಮಂಡಕ್ಕಿ ಮಿಗದ ಮನೆ ಯಾವುದಿದೆ? ಬೇಸಿಗೆಯಲ್ಲಿ ಒಂದು ಕೇರೆಹಾವು ಬಂದು ಹೋಗುತ್ತಿತ್ತು. ಅದನ್ನೂ ನಾವೇ ಕೋಲು ಬಡಿದು ಓಡಿಸಿದ್ದೆವು. ಪುಕ್ಕಟೆ ಕೆಲಸದವನನ್ನು ಬಿಡಿಸಿ ವಿಷ ಕೊಂಡು ತಂದ ಹಾಗಾಯ್ತು.

ಈಗ ಕಸಕ್ಕೆ ಮುಚ್ಚಳದ ಡ್ರಮ್ ಇದೆ, ಅನ್ನ ಅದಕ್ಕೂ ಹಾಕಲ್ಲ. ಪಾತಿಯ ಸುತ್ತ ಅರ್ಧ ಇಂಚು ಕಣ್ಣಿನ ತಂತಿ ಜಾಲರಿಯನ್ನು ಒಂದೂವರೆ ಅಡಿ ಆಳಕ್ಕೆ ಹೂತು, ತುದಿಯನ್ನು ಹೊರಕ್ಕೆ ಬಗ್ಗಿಸಿದ್ದೇನೆ. ಕೋಳಿ ಜಾಲರಿ ತರಬೇಡಿ, ಅದರ ಕಣ್ಣು ದೊಡ್ಡದು, ತಂತಿಯೂ ತೆಳು. ಗೆಣಸನ್ನು ಈಗ ಮಣ್ಣು ತುಂಬಿದ ಚೀಲದಲ್ಲಿ ಬೆಳೆಯುತ್ತೇನೆ. ಬೋನಿನ ಬಾಗಿಲನ್ನು ಮೊದಲು ಮುಚ್ಚಿಕೊಳ್ಳದ ಹಾಗೆ ಕಟ್ಟಿಟ್ಟು ಎರಡು ರಾತ್ರಿ ಸುಮ್ನೆ ತಿನ್ನಲು ಬಿಟ್ಟೆ. ಮೂರನೇ ರಾತ್ರಿ ಮಿರ್ಚಿ ಬಜ್ಜಿ ಚೂರಿಟ್ಟು ಬಾಗಿಲಿನ ಕಟ್ಟು ಬಿಚ್ಚಿದೆ. ಆ ವಾರ ಎರಡು ಬಿದ್ದವು. ಬೋನು ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಇಲಿ ಜ್ವರ ಹರಡುವುದು ಅವುಗಳ ಉಚ್ಚೆಯಿಂದ.

ಬಿಲಗಳನ್ನೆಲ್ಲ ಅಗೆದು ಕೇಕ್ ಹುಡುಕಿದೆ. ಬಿಲದೊಳಗೆ 4 ತುಂಡು ಸಿಕ್ಕವು, ಪೈಪಿನಲ್ಲಿ 2 ಉಳಿದಿದ್ದವು. ಇನ್ನು 4 ಬೇಕು. ಹೆಗ್ಗಣ ಎಷ್ಟು ತಿಂತೋ, ಕರಿಯ ಎಷ್ಟು ತಿಂದನೋ, ಮಣ್ಣಲ್ಲಿ ಎಷ್ಟು ಉಳಿದಿದೆಯೋ. ಕರಿಯನನ್ನು ಇವತ್ತಿಗೂ ಹಿತ್ತಲಿಗೆ ಬಿಡುತ್ತಿಲ್ಲ. ಬಾಗಿಲ ಹತ್ತಿರ ಕೂತು ಬಗುಳುತ್ತಾನೆ.