ಬೇಲೂರು, ಸಕಲೇಶಪುರ ಕಡೆಯ ಸೈಕಲ್ ಪ್ರವಾಸಕ್ಕೆ ದುಡ್ಡು ಕಟ್ಟುವ ಮುನ್ನ ಇದನ್ನೊಮ್ಮೆ ಓದಿ

ಮಳೆಗಾಲ ಮುಗಿದು ಮಲೆನಾಡಿನ ರಸ್ತೆಗಳು ಒಣಗುತ್ತಿದ್ದಂತೆ ಹೊಯ್ಸಳರ ನಾಡಿನಲ್ಲಿ ಸೈಕಲ್ ಸವಾರಿ ಎಂಬಂಥ ಜಾಹೀರಾತುಗಳು ಮೊಬೈಲಿಗೆ ಬರತೊಡಗುತ್ತವೆ. ಹಳೇಬೀಡು, ಬೆಳವಾಡಿ, ಚಿಕ್ಕಮಗಳೂರಿನ ಗಿರಿ, ಬೇಲೂರು, ಕೊನೆಗೆ ಮಂಜರಾಬಾದ್ ಕೋಟೆ. ಬಾಡಿಗೆ ಸೈಕಲ್, ಊಟ, ವಸತಿ, ಹಿಂದೆ ಬರುವ ವ್ಯಾನ್ ಎಲ್ಲ ಸೇರಿ ತಲೆಗೆ ಇಷ್ಟು ಅಂತ ದರ. ಕಳೆದ ಚಳಿಗಾಲದಲ್ಲಿ ಅಂಥದ್ದೊಂದು ತಂಡದ ಜೊತೆ ನಾನೂ ಹೋಗಿದ್ದೆ. ನಮ್ಮ ಜೊತೆಗಿದ್ದ ಒಬ್ಬ ಹೆಣ್ಣುಮಗಳ ಕಾಲರ್ ಬೋನ್ ಮುರಿಯಿತು. ಮರುದಿನ ಬೆಳಗಿನ ಜಾವ ಉಳಿದ ನಾವೆಲ್ಲ ಕಾಡಾನೆಗಳ ಎದುರಿಗೇ ಹೋಗಿ ನಿಲ್ಲುವುದು ಸ್ವಲ್ಪದರಲ್ಲಿ ತಪ್ಪಿತು. ಎರಡಕ್ಕೂ ಮೂಲ ಒಂದೇ: ಆ ದಾರಿಯ ಗಂಧಗಾಳಿ ಇಲ್ಲದವರು ದಾರಿ ತೋರಿಸುತ್ತೇವೆಂದು ದುಡ್ಡು ತೆಗೆದುಕೊಂಡಿದ್ದರು.

ದಾರಿಯನ್ನು ಮಾತ್ರ ದೂರಬೇಡಿ. ಸೈಕಲ್ ತುಳಿಯುವವರಿಗೆ ನಮ್ಮ ರಾಜ್ಯದಲ್ಲಿ ಇದಕ್ಕಿಂತ ಚೆಂದದ ಸುತ್ತು ನನಗೆ ಗೊತ್ತಿಲ್ಲ. ಹಳೇಬೀಡಿನ ಕೆರೆಯ ಪಕ್ಕದಿಂದ ಹೊರಟರೆ ತೆಂಗು, ರಾಗಿ ಹೊಲಗಳ ನಡುವೆ ಬೆಳವಾಡಿ ಸಿಗುತ್ತದೆ. ಅಲ್ಲಿನ ವೀರನಾರಾಯಣ ದೇವಸ್ಥಾನ ಮೂರು ಗರ್ಭಗುಡಿಗಳ ತ್ರಿಕೂಟ. ಸಾಲುಗಂಬಗಳ ಆ ಮಂಟಪದ ಹೊಳಪು ನೋಡಿದವರಿಗೆ ಮರೆಯುವಂಥದ್ದಲ್ಲ. ಚಿಕ್ಕಮಗಳೂರು ಬರುವ ಹೊತ್ತಿಗೆ ಬೆಟ್ಟದ ಸಾಲು ಎದುರಿಗೇ ನಿಂತಿರುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆಮೇಲೆ ಇಂಥ ಪ್ರವಾಸ ನಡೆಸುವವರೂ ಹೆಚ್ಚಿದ್ದಾರೆ ಅಂತ ನನಗನ್ನಿಸುತ್ತದೆ.

ನಮ್ಮ ಆಯೋಜಕರು ಹಳೇಬೀಡಿನಲ್ಲಿ ಕೊಟ್ಟ ಸಮಯ ಫೋಟೊ ತೆಗೆಯಲಿಕ್ಕಷ್ಟೇ ಸಾಕಾಯಿತು. ಬಳಪದ ಕಲ್ಲಿನಲ್ಲಿ ಅಷ್ಟು ಸೂಕ್ಷ್ಮವಾಗಿ ಕೆತ್ತಿದ ಗೋಡೆಯ ಮುಂದೆ ನಿಂತು ನೋಡಲು ಬಿಡದಿದ್ದರೆ ಇಷ್ಟು ದೂರ ತುಳಿದು ಬಂದಿದ್ದು ಯಾತಕ್ಕೆ? ಇರಲಿ, ಅದು ಬರೀ ಬೇಸರದ ವಿಷಯ. ಅಪಾಯದ ವಿಷಯ ಬೇರೆ ಇದೆ.

ಜಾಹೀರಾತಿನಲ್ಲಿ ಇಡೀ ದಾರಿ ಸುಲಭ, ಹೊಸಬರೂ ಬರಬಹುದು ಅಂತ ಬರೆದಿದ್ದರು. ಚಿಕ್ಕಮಗಳೂರು ಪೇಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಅತಿ ಎತ್ತರದ ಶಿಖರ. ಶಿಖರದ ತುದಿಗೆ ಮೆಟ್ಟಿಲು ಹತ್ತಬೇಕು, ಅದನ್ನು ಬಿಟ್ಟರೂ ಸೈಕಲ್ಲಿನಲ್ಲಿ ಏರುವುದೇನೂ ಕಡಿಮೆಯಲ್ಲ. ಏರುವುದಾದರೂ ಹೇಗೋ ಆಗುತ್ತದೆ. ಉಸಿರು ಕಟ್ಟಿದರೆ ಇಳಿದು ತಳ್ಳಬಹುದು. ಜನ ಬೀಳುವುದು ಇಳಿಜಾರಿನಲ್ಲಿ. ಗಿರಿಯ ಬುಡದ ಕೈಮರ ಚೆಕ್‌ಪೋಸ್ಟಿನಿಂದ ಮೇಲಕ್ಕೆ ರಸ್ತೆ ಕಿರಿದು, ಒಂದು ಬದಿಗೆ ಚರಂಡಿ, ಇನ್ನೊಂದು ಬದಿಗೆ ಕಣಿವೆ, ತಿರುವಿನಲ್ಲಿ ಎದುರಿಗೆ ಬರುವ ಪ್ರವಾಸಿ ಜೀಪುಗಳು. ಶನಿವಾರ, ಭಾನುವಾರವಂತೂ ಕೇಳುವುದೇ ಬೇಡ.

ಬಿದ್ದ ಹೆಣ್ಣುಮಗಳಿಗೆ ಕೊಟ್ಟಿದ್ದು ರಿಮ್ ಬ್ರೇಕಿನ ಹಳೆಯ ರೋಡ್ ಬೈಕ್, ಅಂದರೆ ತೆಳು ಟಯರಿನ, ಬಾಗಿದ ಹ್ಯಾಂಡಲ್ಲಿನ ಸೈಕಲ್. ಚಕ್ರದ ಲೋಹದ ಅಂಚನ್ನು, ಅಂದರೆ ರಿಮ್ಮನ್ನು, ಎರಡು ಬದಿಯಿಂದ ರಬ್ಬರ್ ಪ್ಯಾಡ್ ಅದುಮಿ ನಿಲ್ಲಿಸುವುದು ರಿಮ್ ಬ್ರೇಕ್. ಬ್ರೇಕ್ ಪ್ಯಾಡಿನಲ್ಲಿ ಸವೆತ ತಿಳಿಯಲಿ ಅಂತಲೇ ಗೀರುಗಳಿರುತ್ತವೆ. ಅವು ಪೂರ್ತಿ ಅಳಿಸಿಹೋಗಿದ್ದನ್ನು ಬೆಳಿಗ್ಗೆ ಆಕೆಯೇ ನೋಡಿ ತೋರಿಸಿದ್ದರು. "ಏನಾಗಲ್ಲ ಮೇಡಂ, ನಿನ್ನೆ ತಾನೇ ಸರ್ವೀಸ್ ಆಗಿದೆ" ಅಂದರು ಲೀಡರ್. ಬದಲಿ ಪ್ಯಾಡ್ ಕೇಳಿದರೆ ವ್ಯಾನಿನಲ್ಲಿದೆ ಅಂದರು. ವ್ಯಾನ್ ನಮ್ಮ ಹಿಂದೆ ಇರಲೇ ಇಲ್ಲ. ತಿಂಡಿ ತರಲೆಂದು ಪೇಟೆಗೆ ಹೋದದ್ದು ಗಿರಿಯ ಕಡೆ ಮುಖವನ್ನೇ ಹಾಕಿರಲಿಲ್ಲ.

ಇಳಿಯುವಾಗ ಆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಯಾವ ಘಾಟಿಯಲ್ಲಾದರೂ ಆಗಬಹುದು. ರಿಮ್ ಬ್ರೇಕ್ ಹಿಡಿದಾಗ ವೇಗವೆಲ್ಲ ಶಾಖವಾಗಿ ರಿಮ್ಮಿಗೆ ಹೋಗುತ್ತದೆ. ಬ್ರೇಕನ್ನು ಬಿಡದೆ ಹಿಡಿದುಕೊಂಡೇ ಇಳಿದರೆ ಆರಲು ಪುರುಸೊತ್ತಿಲ್ಲದೆ ರಿಮ್ ಕಾದು, ಅದರೊಳಗಿನ ಟ್ಯೂಬಿನ ಒತ್ತಡ ಏರುತ್ತದೆ. ಸವೆದ ಪ್ಯಾಡಾದರೆ ಇನ್ನೂ ಜೋರಾಗಿ ಅದುಮಬೇಕು. ಟ್ಯೂಬ್ ಹಳೆಯದಾಗಿದ್ದರೆ, ಟ್ಯೂಬಿಗೆ ರಿಮ್ಮಿನ ತೂತುಗಳು ತಾಗದಂತೆ ಒಳಗೆ ಸುತ್ತಿದ ರಿಮ್ ಟೇಪ್ ಸರಿದಿದ್ದರೆ, ಒಂದು ಹಂತದಲ್ಲಿ ಢಂ ಅಂತ ಒಡೆಯುತ್ತದೆ. ಒಡೆದದ್ದು ಮುಂದಿನ ಚಕ್ರವಾದರೆ ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ. ಆಕೆಗೆ ಆದದ್ದು ಅದೇ. ಬಿದ್ದದ್ದು ಚರಂಡಿಯ ಬದಿಗೆ. ಕಣಿವೆಯ ಬದಿಗಾಗಿದ್ದರೆ ಎಂಬುದನ್ನು ನೆನೆಯಲೂ ಮನಸ್ಸು ಬರುವುದಿಲ್ಲ. ಅಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗಲಿಲ್ಲ. ಲೀಡರ್ ಬಳಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಇರಲಿಲ್ಲ. ಮೇಲಿಂದ ಬಂದ ಬಾಡಿಗೆ ಜೀಪಿನ ಚಾಲಕ ತನ್ನ ಪ್ರವಾಸಿಗರನ್ನು ಅಲ್ಲೇ ಇಳಿಸಿ, ಆಕೆಯನ್ನು ಮಲಗಿಸಿಕೊಂಡು ಚಿಕ್ಕಮಗಳೂರಿನ ಆಸ್ಪತ್ರೆಗೆ ಮುಟ್ಟಿಸಿದರು. ಪೈಸೆ ತೆಗೆದುಕೊಳ್ಳಲಿಲ್ಲ. ಆ ಪುಣ್ಯಾತ್ಮನಿಗೆ ನಾವೆಲ್ಲ ಋಣಿ.

ಇಳಿಜಾರಿನಲ್ಲಿ ಬ್ರೇಕನ್ನು ತಿರುವಿಗೆ ಮೊದಲೇ ಗಟ್ಟಿಯಾಗಿ ಹಿಡಿದು, ವೇಗ ತಗ್ಗಿದ ಮೇಲೆ ಬಿಡಬೇಕು. ಮತ್ತೆ ಹಿಡಿಯಬೇಕು, ಮತ್ತೆ ಬಿಡಬೇಕು. ಹಿಡಿತ ಬೇಕೆಂದರೆ ಕೈ ಹ್ಯಾಂಡಲ್ಲಿನ ಕೆಳಗಿನ ಬಾಗಿನಲ್ಲಿರಬೇಕು. ನಡುವೆ ಎಲ್ಲಾದರೂ ಅಗಲವಾದ ಜಾಗ ನೋಡಿ ನಿಂತು ರಿಮ್ ಆರಲು ಬಿಡಬೇಕು. ಇಷ್ಟನ್ನು ಹೊಸಬರಿಗೆ ಗಿರಿ ಹತ್ತುವ ಮೊದಲು ಹೇಳಿಕೊಡುವುದೇ ಲೀಡರ್ ಅನ್ನಿಸಿಕೊಂಡವರ ಕೆಲಸ. ನಮಗೆ ಯಾರೂ ಹೇಳಲಿಲ್ಲ. ಇನ್ನೊಂದು ಮಾತು: ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಬ್ರೇಕಿನದು. ಹೊರದೇಶದಿಂದ ತರಿಸಿದ ಕೆಲವು ಸೈಕಲ್‌ಗಳಲ್ಲಿ ಅದು ಎಡಗೈಗೆ ಇರುತ್ತದೆ. ಬಾಡಿಗೆ ಸೈಕಲ್ ಹತ್ತಿದ ಕೂಡಲೇ ಸಮತಟ್ಟಾದ ಜಾಗದಲ್ಲಿ ಇದನ್ನು ನೋಡಿಕೊಳ್ಳಿ.

ಆ ಸಂಜೆ ತಂಡದಲ್ಲಿ ಕೆಲವರು ಊರಿಗೆ ಹೊರಟರು. ಉಳಿದವರನ್ನು ವ್ಯಾನಿನಲ್ಲಿ ಬೇಲೂರಿಗೆ ಕರೆತಂದರು. ಮರುದಿನ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ಬಿಕ್ಕೋಡಿನ ಮೇಲೆ ಸಕಲೇಶಪುರಕ್ಕೆ ಹೊರಡಬೇಕೆಂದು ಹೇಳಿದರು. ಕಾರಣ ಮಂಜರಾಬಾದ್. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಆ ಕೋಟೆಗೆ ಎಂಟು ಮೂಲೆಗಳ ನಕ್ಷತ್ರದ ಆಕಾರ, ಮೇಲಿನಿಂದ ನೋಡಿದರೇ ಅದರ ಅಂದ ಪೂರ್ತಿ ಕಾಣುವುದು. ಮಂಜು ಸರಿಯುವ ಮೊದಲೇ ತಲುಪಿದರೆ ಡ್ರೋನ್ ಚಿತ್ರ ಚೆನ್ನಾಗಿ ಬರುತ್ತದೆ ಅನ್ನುವುದು ಅವರ ಲೆಕ್ಕ.

ಹಾಸನ ಜಿಲ್ಲೆಯ ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ಇರುವುದು ದೂರದ ಕಾಡಿನಲ್ಲಲ್ಲ, ಕಾಫಿ ತೋಟಗಳಲ್ಲೇ. ಹಗಲು ತೋಟದ ನೆರಳಿನಲ್ಲಿ ನಿಂತು, ಕತ್ತಲಾದ ಮೇಲೆ ಗದ್ದೆಗೆ ಇಳಿದು, ಬೆಳಕು ಹರಿಯುವ ಹೊತ್ತಿಗೆ ರಸ್ತೆ ದಾಟಿ ಮತ್ತೆ ತೋಟ ಸೇರುತ್ತವೆ. ಭತ್ತ ಕೊಯ್ಲಿನ ಕಾಲದಲ್ಲಿ ಇದು ಇನ್ನೂ ಹೆಚ್ಚು. ಕೂಲಿಗೆ ಹೋದವರು, ತೋಟ ನೋಡಲು ಹೋದ ಬೆಳೆಗಾರರು ಎಷ್ಟೋ ಜನ ಆನೆ ತುಳಿತಕ್ಕೆ ಜೀವ ಕಳೆದುಕೊಂಡಿದ್ದಾರೆ. ಎಂಟು ಸಲ ಚಿನ್ನದ ಅಂಬಾರಿ ಹೊತ್ತಿದ್ದ ದಸರಾ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದೂ ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿಯೇ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ನಾಡೆಲ್ಲ ಅತ್ತ ಸುದ್ದಿ ಅದು. ಆದರೂ ಅದೇ ಸೀಮೆಗೆ ಜನರನ್ನು ಕತ್ತಲಲ್ಲಿ ಸೈಕಲ್ ಮೇಲೆ ಕಳಿಸುವವರು ಆನೆ ಎಂಬ ಶಬ್ದವನ್ನೇ ಬಾಯಿಂದ ತೆಗೆಯಲಿಲ್ಲ.

ಬಿಕ್ಕೋಡು ದಾಟಿ ಸ್ವಲ್ಪ ಮುಂದೆ ಹೋಗಿದ್ದೆವು. ಮಂಜು ದಟ್ಟವಾಗಿತ್ತು, ಹೆಡ್‌ಲೈಟ್ ಹಾಕಿದರೆ ಬಿಳಿ ಗೋಡೆಯೊಂದೇ ಕಾಣುತ್ತಿತ್ತು. ರಸ್ತೆ ಪಕ್ಕದ, ತೋಟದ ಕೂಲಿಯವರ ಲೈನ್ ಮನೆಗಳ ಕಡೆಯಿಂದ ಟಾರ್ಚ್ ಬೀಸಿಕೊಂಡು ಒಬ್ಬರು ಓಡಿ ಬಂದರು.

"ಎಲ್ಲಿಗೆ ಸಾರ್ ಈ ಕತ್ಲಲ್ಲಿ? ಮುಂದ್ಗಡೆ ತೋಟದ ಗೇಟತ್ರ ಆನೆ ನಿಂತವೆ. ಮರಿ ಬೇರೆ ಐತೆ."

"ಲೈಟ್ ಇದೆ ಅಣ್ಣ, ಬೇಗ ದಾಟ್ಬಿಡ್ತೀವಿ" ಅಂದರು ನಮ್ಮ ಲೀಡರ್.

"ಲೈಟ್ ಕಂಡ್ರೆ ಇನ್ನೂ ಕೆರಳ್ತವೆ. ಬೈಕಾದ್ರೆ ಸೌಂಡ್ ಕೇಳಿ ಸರ್ಕೊಂತವೆ. ನಿಮ್ದು ಸೈಕಲ್ಲು, ಪಕ್ಕಕ್ಕೆ ಬರೋ ತನ್ಕ ಅವಕ್ಕೆ ಗೊತ್ತೇ ಆಗಲ್ಲ. ಗೊತ್ತಾದ್ಮೇಲೆ ನಿಮ್ಗೆ ಟೈಮ್ ಇರಲ್ಲ. ಇಲ್ಲೇ ಕೂತ್ಕಳಿ."

ಈ ಮಾತನ್ನು ಪ್ರತಿಯೊಬ್ಬ ಸೈಕ್ಲಿಸ್ಟ್ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸದ್ದಿಲ್ಲದೆ ಸಾಗುವುದು ಸೈಕಲ್ಲಿನ ಸುಖ ಅಂತ ನಾವೆಲ್ಲ ಹೇಳುತ್ತೇವೆ. ಮರಿ ಜೊತೆಗಿರುವ ಹೆಣ್ಣಾನೆಯ ಹತ್ತಿರ ಹಠಾತ್ತನೆ ಕಾಣಿಸಿಕೊಳ್ಳುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಲೈನ್ ಮನೆಯ ಜಗುಲಿಯ ಮೇಲೆ ನಮ್ಮನ್ನು ಕೂರಿಸಿ ಆ ಮನೆಯ ಅಮ್ಮ ಬೆಲ್ಲದ ಕಾಫಿ ಕೊಟ್ಟರು. ಕೊಂಬೆ ಮುರಿಯುವ ಸದ್ದು ಕೂತಲ್ಲಿಗೇ ಕೇಳುತ್ತಿತ್ತು. ಬೆಳಕಾಗಿ, ಆನೆ ಕಾರ್ಯಪಡೆಯ ಹುಡುಗರು ಬಂದು ಹೋಗಬಹುದು ಅಂದ ಮೇಲೆ ಹೊರಟೆವು. ತಿರುವು ದಾಟಿದರೆ ಟಾರಿನ ಮೇಲೆ ಹಬೆಯಾಡುವ ಲದ್ದಿ, ಬಾಗಿಹೋದ ಗೇಟು, ತುಳಿದು ಮಲಗಿಸಿದ ಕಾಫಿ ಗಿಡಗಳು. ಅಲ್ಲಿಗೆ ಇಳಿಜಾರು ಬೇರೆ. ಆ ವೇಗದಲ್ಲಿ ಬಂದಿದ್ದರೆ ನಿಲ್ಲಿಸಲು ಆಗುತ್ತಿರಲಿಲ್ಲ.

ಈ ಭಾಗದಲ್ಲಿ ಅರಣ್ಯ ಇಲಾಖೆ ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದೆ. ಆನೆ ಎಲ್ಲಿದೆ ಅಂತ ಊರಿನವರ ಮೊಬೈಲಿಗೆ ಸಂದೇಶ ಬರುತ್ತದೆ, ರಸ್ತೆ ಬದಿ ಎಲ್ಇಡಿ ಫಲಕಗಳೂ ಇವೆ. ಇಷ್ಟಿದ್ದೂ ಆಯೋಜಕರು ಒಬ್ಬ ಸ್ಥಳೀಯರನ್ನು ಹಿಂದಿನ ಸಂಜೆ ವಿಚಾರಿಸಿರಲಿಲ್ಲ. ನೀವು ಹೋಗುವಾಗ ಹೋಂಸ್ಟೇಯವರನ್ನು, ಟೀ ಅಂಗಡಿಯವರನ್ನು, ಹಾಲಿನ ಡೇರಿಗೆ ಬಂದವರನ್ನು ಕೇಳಿ. ಅವರಿಗೆ ಗೊತ್ತಿಲ್ಲದ ಆನೆ ಆ ಊರಿನಲ್ಲಿ ಇರುವುದಿಲ್ಲ. ಅರಣ್ಯ ಸಹಾಯವಾಣಿ 1926. ಬಿಸಿಲು ಬಂದ ಮೇಲೆ ಹೊರಟು, ಸೂರ್ಯ ಮುಳುಗುವ ಮೊದಲೇ ಕೋಣೆ ಸೇರಿ. ಕೋಟೆಯ ಮೇಲಿನ ಮಂಜು ನೋಡಲೇಬೇಕೆಂದರೆ ರಾತ್ರಿ ಸಕಲೇಶಪುರದಲ್ಲೇ ಉಳಿದು ಬೆಳಿಗ್ಗೆ ಕಾರಿನಲ್ಲಿ ಹೋಗಬಹುದು. ಕೋಟೆಯ ಪಕ್ಕದ ಹೆದ್ದಾರಿ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75. ಟ್ಯಾಂಕರ್, ಲಾರಿಗಳ ನಡುವೆ ಮಂಜಿನಲ್ಲಿ ಸೈಕಲ್ ತುಳಿಯುವ ಜಾಗವೇ ಅಲ್ಲ ಅದು.

ತಂಡದ ಜೊತೆ ಹೋಗುವುದೇ ಇಷ್ಟವಾದರೆ ಮುಂಗಡ ಕೊಡುವ ಮೊದಲು ಬಾಯಿಬಿಟ್ಟು ಕೇಳಿ. ವ್ಯಾನ್ ಕೊನೆಯ ಸವಾರನ ಹಿಂದೆಯೇ ಇರುತ್ತದೋ, ಊಟ ತರುವುದಕ್ಕೂ ಅದೇ ವ್ಯಾನೋ? ಪ್ರತಿದಿನ ಒಟ್ಟು ಎಷ್ಟು ಮೀಟರ್ ಏರು? ನಿಖರವಾಗಿ ಹೇಳದವರು ಆ ದಾರಿಯಲ್ಲಿ ತುಳಿದವರಲ್ಲ. ಸೈಕಲ್ಲಿನ ಗೇರ್ ಯಾವುದು? ಮಲೆನಾಡಿನ ಏರಿಗೆ ಮುಂದೆ 34, ಹಿಂದೆ ಕನಿಷ್ಠ 32 ಹಲ್ಲಿನ ಚಕ್ರ ಇದ್ದರೆ ಮಂಡಿ ಉಳಿಯುತ್ತದೆ. ಸೈಕಲ್ ಕೈಗೆ ಬಂದಾಗ ಪ್ಯಾಡ್, ಟಯರಿನ ಪಕ್ಕದ ಬಿರುಕು, ಚಕ್ರವನ್ನು ಬಿಗಿಹಿಡಿಯುವ ಕ್ವಿಕ್ ರಿಲೀಸ್ ಲಿವರ್ ಇವಿಷ್ಟನ್ನು ಮುಟ್ಟಿ ನೋಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ. ಕಟಕಟ ಅಂದರೆ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಕೀಲು, ಸಡಿಲವಾಗಿದೆ ಅಂತ. ಸರಿಯಿಲ್ಲದಿದ್ದರೆ ಬೇರೆ ಸೈಕಲ್ ಕೊಡುವ ತನಕ ಹತ್ತಬೇಡಿ. ಜೊತೆಗಿರುವವರು ತಡವಾಯಿತು ಅಂತ ಮುಖ ಸಿಂಡರಿಸಿದರೂ ಪರವಾಗಿಲ್ಲ.

ಆಸ್ಪತ್ರೆಯ ಖರ್ಚಿನ ಮಾತೆತ್ತಿದಾಗ ಆಯೋಜಕರು, ಶುರುವಿನಲ್ಲಿ ನಾವು ಸಹಿ ಹಾಕಿದ ಕಾಗದವನ್ನು ತೋರಿಸಿದರು. ಏನಾದರೂ ನಾವು ಹೊಣೆಯಲ್ಲ ಅಂತ ಅದರಲ್ಲಿ ಬರೆದಿತ್ತು. ಅಂಥ ಕಾಗದಕ್ಕೆ ಸಹಿ ಹಾಕಿದ ಮಾತ್ರಕ್ಕೆ ದೂರು ಕೊಡುವ ದಾರಿ ಮುಚ್ಚುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅಲ್ಲಿ 5 ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ಗಾಯಗೊಂಡ ನಮ್ಮ ಜೊತೆಗಾರ್ತಿ ದೂರು ತಯಾರು ಮಾಡುತ್ತಿದ್ದಾರೆ. ಒಡೆದ ಟ್ಯೂಬು, ಸವೆದ ಪ್ಯಾಡುಗಳ ಫೋಟೊ ನಾವು ಅಲ್ಲೇ ತೆಗೆದಿಟ್ಟಿದ್ದು ಈಗ ಕೆಲಸಕ್ಕೆ ಬಂದಿದೆ. ನೀವೂ ದುಡ್ಡು ಕಟ್ಟಿದ ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ.